ಎಂಜಿನ್ನಿಗೆ ಮೇಣ ಮೆತ್ತಿದ ಮುಂಡಪ್ಪ

ಬಂಟ್ವಾಳದ ಮುಂಡಪ್ಪ ನಲವತ್ತನೆಯ ವಯಸ್ಸಿನವರೆಗೆ ದೋಣಿಗಳಿಗೆ ಮೇಣ ಹಾಕುತ್ತಿದ್ದ. ಆ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತಿದ್ದ. ಆಮೇಲೆ ಹಲವು ವರ್ಷ ಲಾಂಚಿನ ಎಂಜಿನ್ ನೋಡಿಕೊಂಡ. ಅದರ ಬಗ್ಗೆ ಹಾಗೆ ಹೇಳುವಂತಿಲ್ಲ. ಆದರೂ ಊರಿನಲ್ಲಿ ಅವನಿಗೆ ಹೆಸರು ಬಂದದ್ದು ಎರಡನೆಯ ಕೆಲಸದಿಂದಲೇ. ಗೊತ್ತಿರುವ ಕೆಲಸ ಮಾಡುವವನನ್ನು ನಮ್ಮ ಜನ ಕೂಲಿಯವನೆಂದು ಕರೆಯುತ್ತಾರೆ. ಗೊತ್ತಿಲ್ಲದ್ದನ್ನು ಮಾಡುವವನು ಮೇಸ್ತ್ರಿಯಾಗುತ್ತಾನೆ.

ದೋಣಿಯ ಹಲಗೆಗಳ ನಡುವಿನ ಸಂದಿಗೆ ತೆಂಗಿನ ನಾರನ್ನು ಮೊಂಡು ಉಳಿಯಿಂದ ಬಡಿದು ತುರುಕಿ, ಮೇಲೆ ರಾಳವನ್ನು ಎಣ್ಣೆಯಲ್ಲಿ ಕಾಯಿಸಿದ ಮೇಣ ಬಳಿದರೆ ನೀರು ಒಳಗೆ ಬರುವುದಿಲ್ಲ. ಮುಂಡಪ್ಪ ಮುಚ್ಚಿದ ಸಂದು ಮೂರು ಮಳೆಗಾಲ ಕಳೆದರೂ ಬಿಡುತ್ತಿರಲಿಲ್ಲ. ಈ ಉದ್ಯೋಗದಲ್ಲಿ ಯೋಚನೆ ಮಾಡಬೇಕಾದ್ದು ಕಡಿಮೆ. ತೂತು ಕಂಡರೆ ಮುಚ್ಚಬೇಕು. ಮುಚ್ಚಬಾರದ ತೂತು ಎಂಬುದು ದೋಣಿಯಲ್ಲಿ ಇಲ್ಲ. ಇಪ್ಪತ್ತೈದು ವರ್ಷ ಈ ಒಂದೇ ಸತ್ಯದೊಂದಿಗೆ ಬದುಕಿದವನಿಗೆ ಲೋಕವೆಲ್ಲ ದೋಣಿಯೇ ಎಂದು ಕಂಡರೆ ಆಶ್ಚರ್ಯವಿಲ್ಲ.

ಸಾವಿರದ ಒಂಬೈನೂರ ಐವತ್ತೇಳರಲ್ಲಿ ಪೇಟೆಯ ಅಕ್ಕಿ ವ್ಯಾಪಾರಿ ಉಮ್ಮರ್ ಬ್ಯಾರಿಯವರು ಮಂಗಳೂರಿನ ಬಂದರಿನಿಂದ ಒಂದು ಹಳೆಯ ಲಾಂಚ್ ಕೊಂಡು ತಂದರು. ಬೆಳಿಗ್ಗೆ ಸಂಜೆ ನೇತ್ರಾವತಿಯ ಆಚೆ ದಡದವರನ್ನು ಕೋರ್ಟು, ತಾಲೂಕು ಕಚೇರಿ, ಸಂತೆಗಳಿಗೆ ದಾಟಿಸುವುದು ಅದರ ಕೆಲಸ. ಲಾಂಚಿನ ಹೊಟ್ಟೆಯೊಳಗೆ, ಮರದ ಪೆಟ್ಟಿಗೆಯ ಅಡಿಯಲ್ಲಿ, ಇಂಗ್ಲೆಂಡಿನಲ್ಲಿ ತಯಾರಾದ ಎಂಜಿನ್ ಕೂತಿತ್ತು. ಅದನ್ನು ಮಾಡಿದವರೂ ಅದನ್ನು ಮರೆತು ಬಹಳ ವರ್ಷ ಆಗಿರಬೇಕು. ಜೊತೆಗೆ ಬಂದಿದ್ದ ಮಂಗಳೂರಿನ ಮೆಕ್ಯಾನಿಕ್, ಬಂಟ್ವಾಳಕ್ಕೆ ಬರುವ ಮೀನು ಎರಡು ದಿನ ಹಳೆಯದು ಎಂಬ ಕಾರಣ ಕೊಟ್ಟು ಮೂರನೆಯ ತಿಂಗಳಲ್ಲಿ ಹೊರಟುಹೋದ. ಆ ಹೊತ್ತಿಗೆ ಮುಂಡಪ್ಪ ಲಾಂಚಿನ ಹಿಂಬದಿಯ ಹಲಗೆಗೆ ಮೇಣ ಹಾಕುತ್ತಿದ್ದ.

"ಮುಂಡಪ್ಪ, ಇದರೊಳಗೆ ನೀರು ಬರುದು ನಿಲ್ಲಿಸಿದ್ದು ನೀನೇ ಅಲ್ವಾ?" ಎಂದು ಉಮ್ಮರ್ ಬ್ಯಾರಿಯವರು ಕೇಳಿದರು.

"ಹೌದು ಸಾವ್ಕಾರ್ರೆ."

"ಎಂಜಿನ್ನಿಂದ ಎಣ್ಣೆ ಸೋರ್ತಾ ಉಂಟು. ಅದನ್ನೂ ನಿಲ್ಲಿಸು ಮಾರಾಯ. ನೀರು ಒಳಗೆ ಬರುದು, ಎಣ್ಣೆ ಹೊರಗೆ ಹೋಗುದು. ಅಷ್ಟೇ ಅಲ್ವಾ ವ್ಯತ್ಯಾಸ?"

"ಅಷ್ಟೇ," ಎಂದ ಮುಂಡಪ್ಪ.

ಹೀಗೆ ಅವನ ನೇಮಕವಾಯಿತು. ಇದಕ್ಕಿಂತ ಕಡಿಮೆ ವಿಚಾರಣೆಯಲ್ಲಿ ಇದಕ್ಕಿಂತ ದೊಡ್ಡ ಹುದ್ದೆಗಳು ಭರ್ತಿಯಾದದ್ದನ್ನು ನಾನು ಕಂಡಿದ್ದೇನೆ.

ಮುಂಡಪ್ಪ ಎರಡು ಜೇಬಿನ ನೀಲಿ ಅಂಗಿ ಹೊಲಿಸಿಕೊಂಡ. ಒಂದು ಜೇಬಿನಲ್ಲಿ ಸ್ಪ್ಯಾನರ್, ಇನ್ನೊಂದರಲ್ಲಿ ಬೀಡಿ. ತನ್ನ ಉಳಿ, ಕೊಡತಿ, ಕೊಕ್ಕೆಗಳನ್ನೆಲ್ಲ ಹೆಂಡತಿಯ ತಮ್ಮ ಭೋಜನಿಗೆ ಕೊಟ್ಟುಬಿಟ್ಟ. ಭೋಜನೂ ಮೇಣದ ಕೆಲಸದವನೇ, ಮುಂಡಪ್ಪನಿಂದಲೇ ಕಲಿತವನು. ಅವನು ಮನೆಗೆ ಬಂದರೆ ಈಗ ಮುಂಡಪ್ಪ, "ಗೋಡೆಗೆ ಒರಗಬೇಡ, ಮೇಣ ಹತ್ತಿದರೆ ಹೋಗುದಿಲ್ಲ" ಎನ್ನುತ್ತಿದ್ದ. ಮದುವೆ ಮನೆಗಳಲ್ಲಿ ಡ್ರೈವರುಗಳ ಸಾಲಿನಲ್ಲಿ ಊಟಕ್ಕೆ ಕೂರುತ್ತಿದ್ದ. ಭೋಜ ಎದುರಾದರೆ, "ಇವ ನಮ್ಮ ಮನೆಯವಳ ಕಡೆಯವ" ಎಂದು ಪರಿಚಯ ಹೇಳುತ್ತಿದ್ದ. ತನ್ನ ಕಡೆಯ ಸಂಬಂಧವೇ ಅಲ್ಲ ಎಂಬಂತೆ.

ಎಂಜಿನ್ನಿನ ಕಾಯಿಲೆ ದೊಡ್ಡದೇನೂ ಆಗಿರಲಿಲ್ಲ. ಹಳೆಯ ಎಂಜಿನ್ನುಗಳೆಲ್ಲ ಎಲ್ಲಾದರೂ ಒಂದೆರಡು ಕಡೆ ತೊಟ್ಟಿಕ್ಕುತ್ತವೆ. ಇದು ಮೇಲಿನ ಮುಚ್ಚಳದ ಅಂಚಿನಲ್ಲಿ, ಮತ್ತೆ ಹಿಂದೆ ನೀರಿನೊಳಗಿನ ರೆಕ್ಕೆಯನ್ನು ತಿರುಗಿಸುವ ದಂಡ ಹೊರಬರುವಲ್ಲಿ ತೊಟ್ಟಿಕ್ಕುತ್ತಿತ್ತು. ಮುಚ್ಚಳದ ಸಂದಿಗೆ ಹೊಸ ಪ್ಯಾಕಿಂಗ್ ಪಟ್ಟಿ ಹಾಕಿ, ದಂಡದ ಅಡಿಗೆ ಒಂದು ಖಾಲಿ ಡಬ್ಬಿ ಇಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಸೋರುವುದರ ಅಡಿಗೆ ಡಬ್ಬಿ ಇಡುವುದು ಮೇಣದವನ ಪಾಲಿಗೆ ಮಾನ ಹೋದ ಹಾಗೆ. ಮುಂಡಪ್ಪ ನಾರು ತುರುಕಿ ಮೇಣ ಮೆತ್ತಿದ. ಎಂಜಿನ್ ಬಿಸಿಯಾಗುತ್ತಲೇ ಮೇಣ ಕರಗಿ ಇಳಿಯಿತು. ಅವನು ಮತ್ತೆ ಮೆತ್ತಿದ. ಮೂರು ನಾಲ್ಕು ವರ್ಷ ಈ ಆಟ ನಡೆಯಿತು. ಎಂಜಿನ್ನಿನ ಮೈ ಹುತ್ತದಂತೆ ದಪ್ಪವಾಯಿತು. ಕಾದ ರಾಳ ಹೊಗೆಯಾಡಿ ಲಾಂಚಿನ ತುಂಬ ಧೂಪದ ವಾಸನೆ.

"ಮುಂಡಪ್ಪಣ್ಣ, ಪೂಜೆ ಆಯ್ತು, ಮಂಗಳಾರತಿ ಯಾವಾಗ?" ಎಂದು ಪ್ರಯಾಣಿಕರು ಕೆಣಕುತ್ತಿದ್ದರು.

"ಎಂಜಿನ್ ವಿಷಯ ನಿಮಗೆ ಎಂತ ಗೊತ್ತುಂಟು? ಸುಮ್ಮನೆ ಕೂತ್ಕೊಳ್ಳಿ," ಎಂದು ಅವನು ಗದರುತ್ತಿದ್ದ. ಆಚೆ ದಡದ ಶಾಲೆಯಲ್ಲಿ ಓದುತ್ತಿದ್ದ ನಾನು ದಿನವೂ ಅದೇ ಲಾಂಚಿನಲ್ಲಿ ಹೋಗುತ್ತಿದ್ದೆ. ನನಗೂ ಗೊತ್ತಿರಲಿಲ್ಲ, ಆದ್ದರಿಂದ ಸುಮ್ಮನೆ ಕೂತಿದ್ದೆ.

ಅರುವತ್ತೊಂದರ ಆಯುಧಪೂಜೆಯ ದಿನ ಮುಂಡಪ್ಪ ಎಂಜಿನ್ನನ್ನು ಒರೆಸುತ್ತಿದ್ದಾಗ ಬದಿಯಲ್ಲಿ ಹೆಬ್ಬೆರಳು ದಪ್ಪದ ಒಂದು ಬಗ್ಗಿದ ಕೊಳವೆ ಅವನ ಗಮನಕ್ಕೆ ಬಂತು. ಅದರ ಬಾಯಿ ತೆರೆದೇ ಇತ್ತು. ಎಂಜಿನ್ ನಡೆಯುವಾಗ ಅದರಿಂದ ತೆಳ್ಳಗೆ ಹೊಗೆ, ಆಗೊಮ್ಮೆ ಈಗೊಮ್ಮೆ ಒಂದು ಹನಿ ಎಣ್ಣೆ. ಇಷ್ಟು ವರ್ಷ ಸೋರಿಕೆಯ ಮೂಲ ಕಣ್ಣೆದುರೇ ಇತ್ತಲ್ಲ ಎಂದು ಅವನಿಗೆ ರೋಮಾಂಚನವಾಯಿತು. ಹಲಸಿನ ಮರದ ಬೆಣೆ ಕೆತ್ತಿದ. ನಾರು ಸುತ್ತಿದ. ಮೇಣದಲ್ಲಿ ಅದ್ದಿದ. ಭೋಜನಿಂದ ಕೊಡತಿಯನ್ನು ಸಾಲ ತಂದು, ಹತ್ತಾರು ಜನರ ಎದುರಿಗೆ ತೆಂಗಿನಕಾಯಿ ಒಡೆದು ಬೆಣೆಯನ್ನು ಹೊಡೆದು ಕೂರಿಸಿದ.

"ಇನ್ನು ನೋಡಿ. ಮಂಗಳೂರಿನವನಿಗೆ ಇದು ಕಾಣಲೇ ಇಲ್ಲ," ಎಂದ.

ಎಂಟು ದಿನದಲ್ಲಿ ಎಂಜಿನ್ ಎಲ್ಲ ಕಡೆಯಿಂದಲೂ ಸೋರಲು ಶುರುವಾಯಿತು. ಮುಂದೆ, ಹಿಂದೆ, ಅಡಿಯ ಎಣ್ಣೆ ತೊಟ್ಟಿಯ ಸುತ್ತ, ಹಿಂದೆಂದೂ ಸೋರದಿದ್ದ ಬೋಲ್ಟುಗಳ ಬುಡದಲ್ಲಿ. ಒಂದು ದಿನ ಎಣ್ಣೆ ಅಳೆಯುವ ಕಡ್ಡಿಯೇ ಚಿಮ್ಮಿ ಮೇಲಿನ ತಗಡಿಗೆ ಬಡಿಯಿತು. ಕೋರ್ಟಿಗೆ ಹೊರಟಿದ್ದ ಕಕ್ಷಿಗಾರನೊಬ್ಬನ ಬಿಳಿ ಶಾಲಿನ ಮೇಲೆ ಕಪ್ಪು ಎಣ್ಣೆ ಬಿತ್ತು. ಕೇಸು ಸೋತದ್ದು ಅದರಿಂದಲೇ ಎಂದು ಅವನು ಕೊನೆಯವರೆಗೂ ನಂಬಿದ್ದ. ಮುಂಡಪ್ಪನ ನಂಬಿಕೆ ಬೇರೆ: ಇನ್ನೂ ತೂತುಗಳಿವೆ, ಇನ್ನೂ ಮುಚ್ಚಬೇಕು. ಮುಚ್ಚಿದಷ್ಟೂ ಎಣ್ಣೆ ಹೊಸ ದಾರಿ ಹುಡುಕಿತು. ಹೆಂಡತಿ ಜಲಜಾಕ್ಷಿ ನೀಲಿ ಅಂಗಿಯನ್ನು ಕಲ್ಲಿಗೆ ಬಡಿಯುತ್ತ, "ಎಂಜಿನ್ನಿನಲ್ಲಿ ಇರುದಕ್ಕಿಂತ ಹೆಚ್ಚು ಎಣ್ಣೆ ನಿಮ್ಮ ಅಂಗಿಯಲ್ಲಿ ಉಂಟು. ಇದನ್ನೇ ಹಿಂಡಿ ಹಾಕಿ," ಎಂದಳು.

ಸೋರಿದ ಎಣ್ಣೆ ಲಾಂಚಿನ ತಳದ ನೀರಿಗೆ ಸೇರುತ್ತಿತ್ತು. ಆ ನೀರನ್ನು ಪ್ರತಿದಿನ ಹೊಳೆಗೆ ಚೆಲ್ಲುತ್ತಿದ್ದರು. ಲಾಂಚ್ ನಿಲ್ಲುವ ಕಡವಿನಿಂದ ಸ್ವಲ್ಪ ಕೆಳಗೆ ಬಟ್ಟೆ ಒಗೆಯುವ ಕಲ್ಲುಗಳು. ಅಲ್ಲಿ ಅವ್ವಮ್ಮ ಎಂಬ ಮುದುಕಿಯದೇ ರಾಜ್ಯ. ಒಂದು ಬೆಳಿಗ್ಗೆ ಅವಳು ಒದ್ದೆ ಪಂಚೆ ಹಿಡಿದು ನೇರವಾಗಿ ಲಾಂಚಿನ ಬಳಿಗೇ ಬಂದಳು.

"ಏ ಮುಂಡಪ್ಪಣ್ಣ! ಇದು ನನ್ನ ಮಗನ ನಿಕಾಹಿನ ಮುಂಡು. ಇದರ ಬಣ್ಣ ಯಾವುದು, ಹೇಳಿ ನೋಡುವ!"

"ಅದು ಹೊಳೆಯ ಕೆಸರು, ಅವ್ವಮ್ಮ."

"ಕೆಸರಾ? ಐವತ್ತು ವರ್ಷ ಇದೇ ಹೊಳೆಯಲ್ಲಿ ಒಗ್ದವಳಿಗೆ ಕೆಸರು ಗೊತ್ತಿಲ್ವಾ? ಇದನ್ನು ಹಿಂಡಿದರೆ ಒಂದು ವಾರ ಚಿಮಿಣಿ ದೀಪ ಉರಿಸ್ಬಹುದು!"

"ಎಂಜಿನ್ ಅಂದ ಮೇಲೆ ಸ್ವಲ್ಪ ಎಣ್ಣೆ ಹೋಗ್ತದೆ. ನಿಮಗೆ ಅದೆಲ್ಲ ಅರ್ಥ ಆಗುದಿಲ್ಲ."

"ನನಗೆ ಅರ್ಥ ಆಗುದು ಬೇಡ. ಕಚೇರಿಯವರಿಗೆ ಆದರೆ ಸಾಕು."

ಏಳು ಹೆಂಗಸರ ಹೆಬ್ಬೆಟ್ಟಿನೊಂದಿಗೆ ತಾಲೂಕು ಕಚೇರಿಗೆ ಅರ್ಜಿ ಹೋಯಿತು. ಬರೆದುಕೊಟ್ಟವಳು ನಾನೇ. ಸಂಕ್ರಾಂತಿ ಕಳೆದ ಮೇಲೆ ಉತ್ತರ ಬಂತು: ಫೆಬ್ರವರಿಯ ಎರಡನೆಯ ಸೋಮವಾರ ಮಂಗಳೂರಿನಿಂದ ಸರ್ಕಾರದ ಎಂಜಿನಿಯರು ಬಂದು ಲಾಂಚನ್ನು ಪರೀಕ್ಷಿಸುತ್ತಾರೆ. ಎಣ್ಣೆ ಹೊಳೆಗೆ ಹೋಗುತ್ತಿದ್ದರೆ ಕಡವಿನ ಪರವಾನಗಿ ರದ್ದು.

ಉಮ್ಮರ್ ಬ್ಯಾರಿಯವರು ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು. "ಮುಂಡಪ್ಪ, ಆ ಸೋಮವಾರದ ಒಳಗೆ ಇದು ನಿಲ್ಲಬೇಕು. ಇಲ್ಲದಿದ್ದರೆ ಮೀನು ಹೇಗಿದ್ದರೂ ತಿನ್ನುವ ಒಬ್ಬ ಮೆಕ್ಯಾನಿಕನನ್ನು ನಾನು ಹುಡುಕ್ತೇನೆ. ನಿನಗೆ ಹೇಗೂ ಹಳೆಯ ಕೆಲಸ ಉಂಟಲ್ಲ. ಭೋಜನ ಹತ್ತಿರ ಹೇಳ್ತೇನೆ, ಅವ ಬೇಡ ಅನ್ನಲಿಕ್ಕಿಲ್ಲ."

ಭೋಜನ ಕೈಕೆಳಗೆ, ತಾನು ದಾನ ಮಾಡಿದ ಉಳಿಗಳನ್ನು ಕೇಳಿ ಪಡೆದು, ಕಡವಿನ ಎಲ್ಲರ ಕಣ್ಣೆದುರು ನಾರು ಬಡಿಯುವುದು! ಮುಂಡಪ್ಪನಿಗೆ ಅಂದು ಊಟ ಸೇರಲಿಲ್ಲ. ಮಾರನೆಯ ದಿನ ಅವನು ಜೀವನದಲ್ಲಿ ಮೊದಲ ಬಾರಿ ಮೆತ್ತಿದ್ದನ್ನೆಲ್ಲ ಕೆರೆದು ತೆಗೆದ, ಬೆಣೆಯೊಂದನ್ನು ಬಿಟ್ಟು. ಎಣ್ಣೆ ತೊಟ್ಟಿಯನ್ನೂ ಮೇಲಿನ ಮುಚ್ಚಳವನ್ನೂ ಬಿಚ್ಚಿ ಚರ್ಮದ ಹೊಸ ಪ್ಯಾಕಿಂಗ್ ಹಾಕಿದ. ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಎರಡು ಸಲ ಹೊಳೆ ದಾಟುವಷ್ಟರಲ್ಲಿ ಎಣ್ಣೆ ಅವುಗಳ ಅಂಚಿನಿಂದಲೂ ಇಳಿಯಿತು.

ಪೇಟೆಯಲ್ಲಿ ಲಾರಿ ರಿಪೇರಿಯವರು ಇಬ್ಬರಿದ್ದರು, ಕೂಗಿದರೆ ಕೇಳುವಷ್ಟು ಹತ್ತಿರ. ಅವರನ್ನು ಕೇಳಿದರೆ ಸುದ್ದಿ ಅವನಿಗಿಂತ ಮೊದಲು ಕಡವು ತಲುಪುತ್ತಿತ್ತು. ಆದ್ದರಿಂದ ಮುಂಡಪ್ಪ ಪರೀಕ್ಷೆಗೆ ನಾಲ್ಕು ದಿನ ಇರುವಾಗ, ಗುರುವಾರ, ಸಿದ್ಧಕಟ್ಟೆಯ ಮಾರ್ಗವಾಗಿ ಹೋಗುವ ಬಸ್ಸು ಹತ್ತಿ, ಹದಿನೇಳು ಮೈಲಿ ದೂರದ ಮೂಡುಬಿದಿರೆಗೆ ಹೋದ. ಅಲ್ಲಿನ ಬಸ್ ಶೆಡ್ಡಿನಲ್ಲಿ ಸುಧಾಕರನೆಂಬ ಫಿಟ್ಟರ್ ಇದ್ದ. ಅಲ್ಲಿ ಆದ ಮಾತುಕತೆಯನ್ನು ಆ ಸುಧಾಕರನೇ ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದ.

"ನಾನು ಬಂಟ್ವಾಳದ ಲಾಂಚಿನ ಮೆಕ್ಯಾನಿಕ್," ಎಂದು ಮುಂಡಪ್ಪ ಶುರು ಮಾಡಿದ. "ನಿಮಗೆ ಕೆಲಸ ಎಷ್ಟು ಗೊತ್ತುಂಟು ನೋಡುವ ಅಂತ ಬಂದದ್ದು."

ಬಸ್ಸಿನ ಅಡಿಯಲ್ಲಿ ಮಲಗಿದ್ದ ಸುಧಾಕರ ತಲೆ ಮಾತ್ರ ಹೊರಗೆ ಹಾಕಿದ. "ನೋಡಿ."

"ಒಂದು ಎಂಜಿನ್ ಉಂಟು ಅಂತ ಇಟ್ಕೊಳ್ಳಿ. ಎಲ್ಲ ಕಡೆ ಎಣ್ಣೆ ಸೋರ್ತದೆ. ಪ್ಯಾಕಿಂಗ್ ಹೊಸದು. ಆದರೂ ಸೋರ್ತದೆ. ಎಂತ ಕಾರಣ?"

"ಉಸಿರು ಕೊಳವೆ ಕಟ್ಟಿರ್ಬೇಕು."

"ಯಾವ ಕೊಳವೆ?"

"ಬದಿಯಲ್ಲಿ ಒಂದು ಬಗ್ಗಿದ ಕೊಳವೆ ಇರ್ತದೆ. ಎಂಜಿನ್ ಒಳಗಿನ ಗಾಳಿ ಅದರಲ್ಲಿ ಹೊರಗೆ ಹೋಗುದು. ಅದು ಕಟ್ಟಿದರೆ ಗಾಳಿ ಒಳಗೇ ಒತ್ತಿ ಎಣ್ಣೆಯನ್ನು ಸಿಕ್ಕಿದ ಸಂದಿನಲ್ಲಿ ದೂಡ್ತದೆ. ಅಳತೆಯ ಕಡ್ಡಿ ಹಾರ್ತದಾ?"

ಮುಂಡಪ್ಪ ಒಂದು ಬೀಡಿ ಹಚ್ಚಿದ. ಆಮೇಲೆ, "ಸರಿ ಉತ್ತರ," ಎಂದ.

"ಯಾರಾದರೂ ಅದನ್ನು ಮುಚ್ಚಿದ್ದಾರಾ?"

"ಛೇ, ಅದನ್ನು ಯಾರು ಮುಚ್ತಾರೆ," ಎಂದು ಮುಂಡಪ್ಪ ತಿರುಗಿ ಬಸ್ಸಿಗೆ ನಡೆದ. ಸುಧಾಕರ ಪುನಃ ಬಸ್ಸಿನಡಿಗೆ ಸರಿದ.

ಈಗ ಕಾರಣ ಗೊತ್ತಾಗಿತ್ತು, ಆದರೆ ಸಂಕಟ ಇಮ್ಮಡಿಯಾಗಿತ್ತು. ಬೆಣೆಯನ್ನು ತೆಂಗಿನಕಾಯಿ ಒಡೆದು ಹೊಡೆದವನು ಅದನ್ನು ಎಲ್ಲರ ಎದುರು ಕೀಳುವುದು ಹೇಗೆ? ಶುಕ್ರವಾರ ಮಧ್ಯಾಹ್ನ ಉಮ್ಮರ್ ಬ್ಯಾರಿಯವರೂ ಚುಕ್ಕಾಣಿ ಹಿಡಿಯುವವನೂ ಜುಮಾ ನಮಾಜಿಗೆ ಹೋಗುತ್ತಿದ್ದರು. ಆಗ ಒಂದೂವರೆ ಗಂಟೆಯಷ್ಟು ಹೊತ್ತು ಲಾಂಚ್ ಖಾಲಿ. ಮುಂಡಪ್ಪ ಆ ಹೊತ್ತನ್ನೇ ಆರಿಸಿಕೊಂಡ. ದಡದಲ್ಲಿ ಭೋಜನೊಬ್ಬನೇ ಒಂದು ಮರಳು ದೋಣಿಯನ್ನು ಮಗುಚಿ ಹಾಕಿ ಮೇಣ ಕಾಯಿಸುತ್ತಿದ್ದ.

ಬೆಣೆ ಬರಲಿಲ್ಲ. ಸ್ಪ್ಯಾನರಿನಿಂದ ಬಡಿದ. ಇಕ್ಕುಳದಲ್ಲಿ ಎಳೆದ. ಬೆಣೆಯ ತಲೆ ಚೂರುಚೂರಾಗಿ ಬಂತೇ ಹೊರತು ಬುಡ ಅಲುಗಲಿಲ್ಲ. ಒಳಗೆ ದೂಡಿದರೆ ಚೂರು ಎಂಜಿನ್ನಿಗೆ ಬೀಳುವ ಭಯ. ಇಷ್ಟು ವರ್ಷದಲ್ಲಿ ಆ ಎಂಜಿನ್ನಿಗೆ ಅವನು ಮೆತ್ತಿದ್ದು ತುರುಕಿದ್ದರಲ್ಲಿ ನಿಜವಾಗಿ ಗಟ್ಟಿಯಾಗಿ ನಿಂತದ್ದು ಆ ಬೆಣೆಯೊಂದೇ. ಮುಕ್ಕಾಲು ಗಂಟೆ ಹೀಗೆ ಕಳೆಯಿತು.

"ಭಾವ, ಎಂತ ಕೀಳ್ತಾ ಇದ್ದೀರಿ?" ಭೋಜ ದಡದಿಂದಲೇ ಕೇಳಿದ.

"ಎಂತ ಇಲ್ಲ."

"ಎಂತ ಇಲ್ಲದ್ದು ಬಹಳ ಗಟ್ಟಿ ಉಂಟು ಹಾಗಾದರೆ."

ಮುಂಡಪ್ಪ ಬೆವರು ಒರೆಸಿಕೊಂಡ. "ಹಳೆಯ ನಾರು ಕೀಳುವ ಕೊಕ್ಕೆ ನಿನ್ನ ಹತ್ತಿರ ಉಂಟಲ್ಲ. ಒಮ್ಮೆ ಕೊಡು."

"ಕೊಕ್ಕೆ ಕೊಡುದಿಲ್ಲ. ನಾನೇ ಬಂದು ಕೀಳ್ತೇನೆ. ಆದರೆ ಕೂಲಿ ಉಂಟು."

"ಎಷ್ಟು ಬೇಕು?"

"ಹಣ ಬೇಡ. ಈ ದೋಣಿಯ ಬಲಬದಿಯ ಒಂದು ಸಂದು ನೀವು ತುಂಬಿಸಬೇಕು. ಈಗಲೇ. ನೀಲಿ ಅಂಗಿ ಬಿಚ್ಚಬಾರದು."

"ನಮಾಜು ಬಿಡುವ ಹೊತ್ತಾಯ್ತು ಮಾರಾಯ!"

"ಗೊತ್ತುಂಟು," ಎಂದ ಭೋಜ.

ಮುಂಡಪ್ಪ ಮಸೀದಿಯ ದಾರಿಯನ್ನು ನೋಡಿದ, ಬೆಣೆಯನ್ನು ನೋಡಿದ, ಒಪ್ಪಿದ. ಭೋಜ ಕೊಕ್ಕೆಯಿಂದ ಮೊದಲು ನಾರನ್ನು ಎಳೆ ಎಳೆಯಾಗಿ ಬಿಡಿಸಿ, ಸಡಿಲಾದ ಬೆಣೆಯನ್ನು ಹಲ್ಲು ಕಿತ್ತಂತೆ ಕಿತ್ತ. ಹತ್ತು ನಿಮಿಷವೂ ಹಿಡಿಯಲಿಲ್ಲ. ಎಣ್ಣೆ ಕುಡಿದು ಕಪ್ಪಾಗಿದ್ದ ಬೆಣೆಯನ್ನು ತಿರುಗಿಸಿ ನೋಡಿ, "ಒಳ್ಳೆ ಕೆಲಸ," ಎಂದ. ಅದನ್ನು ಮೇಣದ ಪಾತ್ರೆಯ ಅಡಿಯ ಒಲೆಗೆ ಎಸೆದ. ಅದು ಚೆನ್ನಾಗಿ ಉರಿಯಿತು.

ಜನ ಮಸೀದಿಯಿಂದ ಇಳಿದು ಬರುವಾಗ ಲಾಂಚಿನ ಮೆಕ್ಯಾನಿಕ್ ನೀಲಿ ಅಂಗಿಯಲ್ಲಿ ಮರಳು ದೋಣಿಯ ಬದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ನಾರು ಬಡಿಯುತ್ತಿದ್ದ. ಕೈ ಏನನ್ನೂ ಮರೆತಿರಲಿಲ್ಲ. ಭೋಜ ಎರಡು ಗಂಟೆಯಲ್ಲಿ ಮಾಡುವುದನ್ನು ಅವನು ಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತಿದ್ದ.

"ಇದೆಂತದು ಮುಂಡಪ್ಪ? ಸೋಮವಾರದವರೆಗೂ ಕಾಯ್ಲಿಕ್ಕೆ ಆಗ್ಲಿಲ್ವಾ?" ಎಂದರು ಉಮ್ಮರ್ ಬ್ಯಾರಿಯವರು.

"ಭೋಜನಿಗೆ ಕಲಿಸ್ತಾ ಇದ್ದೇನೆ ಸಾವ್ಕಾರ್ರೆ."

ಎಲ್ಲರೂ ಭೋಜನ ಕಡೆ ನೋಡಿದರು. "ಹೌದು," ಎಂದ ಭೋಜ, ಬಾಯಿಯ ಎಲೆಅಡಿಕೆ ಒಂದು ಬದಿಗೆ ದೂಡಿ. "ತುಂಬ ಕಲಿತೆ."

ಸೋಮವಾರ ಎಂಜಿನಿಯರು ಬಂದರು. ಘಟ್ಟದ ಮೇಲಿನವರು, ಬಿಳಿ ಪ್ಯಾಂಟು, ಕೈಯಲ್ಲಿ ಕರವಸ್ತ್ರ. ಉಮ್ಮರ್ ಬ್ಯಾರಿಯವರು, ಅವ್ವಮ್ಮ, ಒಗೆಯುವ ಹೆಂಗಸರು, ಭೋಜ, ಎಲ್ಲರೂ ಕಡವಿನಲ್ಲಿ ಸೇರಿದ್ದರು. ಶಾಲೆಗೆ ಹೋಗಬೇಕಾಗಿದ್ದ ನಾನೂ ಲಾಂಚಿನಲ್ಲೇ ಇದ್ದೆ. ಎಂಜಿನ್ ಅರ್ಧ ಗಂಟೆ ನಡೆಯಿತು. ಮುಚ್ಚಳ ಒಣಗಿತ್ತು, ತೊಟ್ಟಿ ಒಣಗಿತ್ತು. ಹಿಂದೆ ದಂಡದಲ್ಲಿ ಮಾತ್ರ ನಿಧಾನವಾಗಿ ಹನಿ. ಎಂಜಿನಿಯರು ಎಲ್ಲ ಮುಟ್ಟಿ ನೋಡಿ ತೃಪ್ತರಾದರು. ಕೊನೆಗೆ ಅವರ ಕಣ್ಣು ಬಗ್ಗಿದ ಕೊಳವೆಯ ಮೇಲೆ ಬಿತ್ತು.

"ಇದರಿಂದ ಹೊಗೆ ಬರ್ತಾ ಇದೆಯಲ್ರೀ. ಎಣ್ಣೆನೂ ಹಾರುತ್ತೆ. ಇದನ್ನ ಯಾಕೆ ಮುಚ್ಚಿಲ್ಲ?"

ಸರ್ಕಾರದ ಎಂಜಿನಿಯರೂ ಅದೇ ಮೇಣದ ಶಾಲೆಯಲ್ಲೇ ಓದಿದವರೆಂದು ನನಗೆ ಅಂದು ತಿಳಿಯಿತು. ಅವರು ದೇವಸ್ಥಾನದ ಬಾವಿಯನ್ನೂ ರಸ್ತೆಯ ಮೋರಿಯನ್ನೂ ಕಟ್ಟಿಸಿದವರು. ದೋಣಿಯ ಎಂಜಿನ್ ನೋಡಿದ್ದು ಬಹುಶಃ ಅದೇ ಮೊದಲು.

"ಅದನ್ನು ಮುಚ್ಚಬಾರದು ಸಾರ್," ಎಂದ ಮುಂಡಪ್ಪ. "ಅದು ಎಂಜಿನ್ನಿನ ಉಸಿರು. ಗೊತ್ತಿಲ್ಲದವರು ಮುಚ್ತಾರೆ."

ದಡದಲ್ಲಿ ಭೋಜ ಕೆಮ್ಮಿದ.

"ಉಸಿರು ಗಿಸಿರು ಏನಿಲ್ಲ. ಒಂದು ಬಟ್ಟೆ ತುರುಕಿ ನೋಡೋಣ," ಎಂದು ಎಂಜಿನಿಯರು ತಮ್ಮ ಕರವಸ್ತ್ರವನ್ನೇ ಸುತ್ತಿ ಕೊಳವೆಯ ಬಾಯಿಗೆ ಹಿಡಿದರು.

"ಬೇಡ ಸಾರ್!"

"ಯಾಕ್ರೀ? ಯಾರು ಹೇಳಿದ್ದು ನಿಮಗೆ?"

ಮೂಡುಬಿದಿರೆಯ ಹೆಸರು ಹೇಳಿದರೆ ತಾನು ಕೇಳಲು ಹೋದದ್ದು ಬಯಲಾಗುತ್ತದೆ. ಹೇಳದಿದ್ದರೆ ಕರವಸ್ತ್ರ ಒಳಗೆ ಹೋಗುತ್ತದೆ, ಅರ್ಧ ಗಂಟೆಯಲ್ಲಿ ಎಣ್ಣೆ ಹೊರಗೆ ಬರುತ್ತದೆ, ಪರವಾನಗಿ ಹೋಗುತ್ತದೆ, ಅವನೂ ಹೋಗುತ್ತಾನೆ. ಮುಂಡಪ್ಪ ಮೊದಲು ಸಾಹುಕಾರರ ಮುಖ ನೋಡಿದ. ಆಮೇಲೆ ತನ್ನ ಅಂಗೈಯನ್ನು ಕೊಳವೆಗೂ ಕರವಸ್ತ್ರಕ್ಕೂ ನಡುವೆ ಇಟ್ಟ.

"ಯಾರೂ ಹೇಳಿದ್ದಲ್ಲ. ನಾನೇ ಮುಚ್ಚಿದ್ದೆ ಸಾರ್. ನವರಾತ್ರಿಯಿಂದ ಮೊನ್ನೆ ಶುಕ್ರವಾರದವರೆಗೆ. ಎಣ್ಣೆ ಹೊಳೆಗೆ ಹೋದದ್ದೆಲ್ಲ ಅದರಿಂದ."

ಮೊದಲು ಬಾಯಿ ಬಂದದ್ದು ಅವ್ವಮ್ಮನಿಗೆ. "ಕೆಸರು ಅಂದಿರಲ್ಲ ಮುಂಡಪ್ಪಣ್ಣ!"

ಎಂಜಿನಿಯರು ಕರವಸ್ತ್ರವನ್ನು ನಿಧಾನವಾಗಿ ಕಿಸೆಗೆ ಸೇರಿಸಿದರು. ತಪ್ಪು ಮಾಡಿದವನೊಬ್ಬ ಅವರನ್ನು ಅದೇ ತಪ್ಪಿನಿಂದ ಉಳಿಸಿದ್ದ. ಅದನ್ನು ವರದಿಯಲ್ಲಿ ಬರೆಯುವ ಅಗತ್ಯ ಅವರಿಗೆ ಕಾಣಲಿಲ್ಲ. ದಂಡದ ಅಡಿಗೆ ಡಬ್ಬಿ ಇಡತಕ್ಕದ್ದು, ಡಬ್ಬಿಯ ಎಣ್ಣೆಯನ್ನು ದಡಕ್ಕೆ ಒಯ್ಯತಕ್ಕದ್ದು ಎಂದು ಬರೆದು ಪರವಾನಗಿ ಮುಂದುವರಿಸಿ ಊಟಕ್ಕೆ ಹೋದರು.

ಮುಂಡಪ್ಪ ನೀಲಿ ಅಂಗಿಯ ಜೇಬಿನಿಂದ ಸ್ಪ್ಯಾನರ್ ತೆಗೆದು ಉಮ್ಮರ್ ಬ್ಯಾರಿಯವರ ಎದುರು ಹಿಡಿದ. ಅವರು ಅದನ್ನು ಅವನ ಜೇಬಿಗೇ ಮರಳಿಸಿದರು.

"ಇಟ್ಕೋ," ಎಂದರು. "ನಿನಗೆ ಈಗ ಎಂಜಿನ್ನಿನ ಬಗ್ಗೆ ಒಂದು ವಿಷಯ ಗೊತ್ತುಂಟು. ಹೊಸಬನನ್ನು ತಂದರೆ ಅವ ಆ ಒಂದನ್ನು ಕಲಿಯುವಾಗ ನನ್ನದು ಇನ್ನೆಷ್ಟು ಎಣ್ಣೆ ಹೋಗ್ತದೋ."

ಅರುವತ್ತಾರರಲ್ಲಿ ಲಾಂಚ್ ಮಾರಾಟವಾಗುವವರೆಗೂ ಮುಂಡಪ್ಪ ಆ ಕೆಲಸದಲ್ಲಿದ್ದ. ಪ್ರತಿ ಸಂಜೆ ಡಬ್ಬಿಯನ್ನು ದಡಕ್ಕೆ ತರುತ್ತಿದ್ದ. ಭೋಜ ಆ ಕಪ್ಪೆಣ್ಣೆಯನ್ನು ದೋಣಿಗಳ ಅಡಿಗೆ ಬಳಿಯಲು ತೆಗೆದುಕೊಳ್ಳುತ್ತಿದ್ದ. ಇಬ್ಬರೂ ಮಾತಾಡುತ್ತಿದ್ದದ್ದು ಕಡಿಮೆ. ಡಬ್ಬಿ ತುಂಬಿದ್ದರೆ ಮಾತ್ರ ಭೋಜ, "ಇವತ್ತು ಹೆಚ್ಚು ಉಂಟಲ್ಲ ಭಾವ," ಎನ್ನುತ್ತಿದ್ದ. ಮುಂಡಪ್ಪ ಲಾಂಚಿಗೆ ವಾಪಸು ಹೋಗಿ ಕೊಳವೆಯ ಬಾಯಿ ತೆರೆದಿದೆಯೇ ಎಂದು ನೋಡಿ ಬರುತ್ತಿದ್ದ.